ಸೊಕ್ಕಿಲ್ಲದ ಅಡಿಕೆ

ಇಲಿಯ ಬಾಯಿ ತೆರೆಸಬೇಕಾದರೆ ಮೊದಲು ಬಾಯಿಗೆ ಕೈ ಹಾಕಬಾರದು. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಬೆನ್ನನ್ನು ಅಂಗೈಗೆ ಒರಗಿಸಿಕೊಂಡು, ಅದರ ಉಸಿರು ಒಂದು ಹದಕ್ಕೆ ಬರುವವರೆಗೆ ಸುಮ್ಮನಿರಬೇಕು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ಮುಂದಿನ ಹಲ್ಲುಗಳ ಪಕ್ಕದ ಖಾಲಿ ಜಾಗದಿಂದ ಒಳಗೆ ಬಿಟ್ಟರೆ ಕೆನ್ನೆಯ ಒಳಭಾಗ ಸಿಗುತ್ತದೆ. ಇದನ್ನು ನನಗೆ ಕಲಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಪ್ರಯೋಗದ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ. ಐವತ್ತರ ಹತ್ತಿರದ ವಯಸ್ಸು. ದಿನಾ ಬೆಳಗ್ಗೆ ಭದ್ರಾವತಿಯ ಜನ್ನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ದಿನ ನಾನು ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡು ಹೋಗಿಯೂ ಕಚ್ಚಿಸಿಕೊಂಡಾಗ ಅವರು ನಗಲಿಲ್ಲ.

"ನೀವು ಹೆದರಿದ್ರೆ ಅದೂ ಹೆದರುತ್ತೆ ಮೇಡಂ. ಮೊದ್ಲು ನೀವು ಉಸಿರು ಬಿಡಿ," ಅಂದರು.

ನಾನಾಗ ದಂತವೈದ್ಯದ ಸ್ನಾತಕೋತ್ತರ ಎರಡನೇ ವರ್ಷದಲ್ಲಿದ್ದೆ. ಬಾಯಿಯ ರೋಗಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ವಿಭಾಗ ನಮ್ಮದು. ಅಡಿಕೆ ಜಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆ ಬಿಗಿಯುವುದು, ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಲಾರಿ ಡ್ರೈವರ್ ಮುದ್ದೆಯನ್ನು ಗೋಲಿಯಷ್ಟು ಮಾಡಿ ಹಲ್ಲಿನ ಸಂದಿಯಿಂದ ತಳ್ಳಿಕೊಳ್ಳುತ್ತಿದ್ದ. ಇಂಥವರು ಆಸ್ಪತ್ರೆಗೆ ಬರುವ ಹೊತ್ತಿಗೆ ನಾರು ಕಟ್ಟಿ ಆಗಿರುತ್ತದೆ. ಅದು ಕಟ್ಟಲು ಶುರುವಾಗುವ ಹಂತ ಮನುಷ್ಯರಲ್ಲಿ ನೋಡಲು ಸಿಗುವುದು ಕಡಿಮೆ. ಆ ಹಂತವನ್ನು ಇಲಿಯ ಕೆನ್ನೆಯಲ್ಲಿ ಹುಡುಕುವುದು ನನ್ನ ಪ್ರಬಂಧದ ವಿಷಯ. ಪ್ರಬಂಧ ಹೊತ್ತಿಗೆ ಸರಿಯಾಗಿ ಸಲ್ಲಿಸದಿದ್ದರೆ ಅಂತಿಮ ಪರೀಕ್ಷೆಗೆ ಕೂರುವ ಹಾಗಿಲ್ಲ.

ಪ್ರಾಣಿಗಳನ್ನು ಬಳಸಲು ಒಂದು ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿದ್ದ ಪಶುವೈದ್ಯರು ನನ್ನ ಅರ್ಜಿಯನ್ನು ಓದಿ ಒಂದೇ ಪ್ರಶ್ನೆ ಕೇಳಿದ್ದರು. "ಇಪ್ಪತ್ನಾಲ್ಕು ಇಲಿ ಕೇಳಿದೀರಿ. ಕೊನೇಲಿ ಇವೆಲ್ಲ ಸಾಯ್ತವೆ. ಸತ್ತಿದ್ದಕ್ಕೆ ಏನು ಸಿಕ್ತು ಅಂತ ನಾಳೆ ನಾನು ಕೇಳಿದ್ರೆ ಹೇಳೋಕೆ ಏನಾದ್ರೂ ಇರುತ್ತಾ?" ಇರುತ್ತೆ ಸರ್, ಅಂದಿದ್ದೆ. ನನ್ನ ಬಾಯಿಗೆ ಆತುರ ಜಾಸ್ತಿ.

ಅಡಿಕೆಗೆ ನಾನು ಎಲ್ಲೂ ಅಲೆಯಬೇಕಾಗಿರಲಿಲ್ಲ. ನಮ್ಮ ಮನೆ ಹೊಸಮನೆ ಬಡಾವಣೆಯಲ್ಲಿ, ಅಪ್ಪಾಜಿಯದು ಅಡಿಕೆ ಮಂಡಿ. ರೈತರು ತಂದ ಮಾಲನ್ನು ಹೊರ ಊರಿನ ವ್ಯಾಪಾರಿಗಳಿಗೆ ಮಾರಿಸಿಕೊಡುವ ವ್ಯವಹಾರ. ವಿಷಯ ಹೇಳಿದಾಗ ಅವರು ಅಡಕತ್ತರಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಅಡಿಕೆ ತಿಂದ್ರೆ ಏನಾಗುತ್ತೆ ಅಂತ ಕಂಡುಹಿಡಿಯೋಕೆ ಅಡಿಕೆ ಅನ್ನ ತಿಂದ ಮಗಳೇ ಆಗ್ಬೇಕಿತ್ತಾ ಮಾರಾಯ್ತಿ?"

"ಏನಾಗುತ್ತೋ ಗೊತ್ತಿಲ್ಲ ಅಪ್ಪಾಜಿ. ಅದಕ್ಕೇ ನೋಡೋದು."

"ಏನೂ ಆಗಲ್ಲ. ನಿಮ್ಮಜ್ಜ ಎಂಬತ್ತೆರಡು ವರ್ಷ ತಿಂದ್ರು," ಅಂದರು. ಆದರೂ ಮಾರನೆಯ ದಿನ ಮಂಡಿಯಿಂದ ಒಂದು ಚೀಲ ಬಂತು. ಮಂಡಿಯವರು 'ರಾಶಿ' ಎಂದು ಕರೆಯುವ, ಕೆಂಪಗೆ ಹೊಳೆಯುವ ಅಡಿಕೆ. ಒಡೆದ ಹೋಳು, ಹುಳುಕು ಯಾವುದೂ ಸೇರದ ಹಾಗೆ ತಾವೇ ಕೂತು ಆರಿಸಿದ್ದರು. ನಾನು ಓದಿದ್ದ ಬರಹಗಳಲ್ಲೆಲ್ಲ ಒಣಗಿಸಿದ ಅಡಿಕೆ ಎಂದಿತ್ತು. ಇದು ಒಣಗಿದ ಅಡಿಕೆ. ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವಳಿಗೆ ಅಡಿಕೆಯೆಂದರೆ ಕೆಂಪು. ಅದರಾಚೆಗೆ ನಾನು ಯೋಚಿಸಲೇ ಇಲ್ಲ.

ಅಡಿಕೆಯನ್ನು ಪುಡಿ ಮಾಡಿ, ಜರಡಿ ಹಿಡಿದು, ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಫಿಲ್ಟರ್ ಪೇಪರಿನಲ್ಲಿ ಸೋಸುತ್ತಿದ್ದೆ. ಸೋಸಿದ್ದನ್ನು ಕಡಿಮೆ ಶಾಖದಲ್ಲಿ ಒಣಗಿಸಿದರೆ ಕಂದು ಪುಡಿ ಉಳಿಯುತ್ತದೆ. ವಾರಕ್ಕೊಮ್ಮೆ ಅದನ್ನು ತೂಕ ಮಾಡಿ ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬುವುದು. ಹನ್ನೆರಡು ಇಲಿಗಳಿಗೆ ಈ ಸಾರ, ಹನ್ನೆರಡಕ್ಕೆ ಬರೀ ನೀರು. ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ಎರಡೂ ಕೆನ್ನೆಯ ಒಳಗೆ ಹಚ್ಚಬೇಕು. ಹಚ್ಚಿದ ಮೇಲೆ ಒಂದು ಗಂಟೆ ನೀರಿನ ಬಾಟಲಿ ತೆಗೆದಿಡಬೇಕು, ಇಲ್ಲವಾದರೆ ತೊಳೆದು ಹೋಗುತ್ತದೆ. ನನಗೆ ಕ್ಲಾಸು, ಸೆಮಿನಾರು, ಹೊರರೋಗಿಗಳು ಇದ್ದುದರಿಂದ ವಾರದಲ್ಲಿ ಮೂರು ದಿನ ಅಕ್ಕನೇ ಹಚ್ಚುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಇಲಿಗೆ ಸ್ವಲ್ಪ ಅರಿವಳಿಕೆ ಕೊಟ್ಟು, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಲ್ಲಿ ಅಳೆಯುತ್ತಿದ್ದೆವು. ನಾರು ಕಟ್ಟಿದರೆ ಈ ಅಂತರ ಕಡಿಮೆಯಾಗಬೇಕು.

ಎರಡನೇ ವಾರವೋ ಮೂರನೆಯದೋ, ಅಕ್ಕ ಪಂಜರಗಳ ಮುಂದೆ ನಿಂತು ಹೇಳಿದರು. "ಇವಕ್ಕೆ ಸೊಕ್ಕೇ ಇಲ್ವಲ್ಲ ಮೇಡಂ."

ನಾನು ನಕ್ಕುಬಿಟ್ಟೆ. "ಇಲಿಗಳಿಗೆ ಯಾಕಕ್ಕ ಸೊಕ್ಕು? ಇರೋ ಸೊಕ್ಕೆಲ್ಲ ನಮ್ಮ ಡಿಪಾರ್ಟ್‌ಮೆಂಟಲ್ಲೇ ಇದೆ."

ಅವರೂ ನಕ್ಕರು. ನಾನು ಆ ದಿನದ ದಾಖಲೆ ಪುಸ್ತಕದಲ್ಲಿ 'ಪ್ರಾಣಿಗಳು ಶಾಂತವಾಗಿವೆ, ನಡವಳಿಕೆಯಲ್ಲಿ ಬದಲಾವಣೆ ಇಲ್ಲ' ಎಂದು ಬರೆದೆ. ಕೈಬರಹ ಬೇರೆ ತುಂಬ ದುಂಡಗಿದೆ.

ಎಂಟನೇ ವಾರ ಮುಗಿದಾಗ, ಮೊದಲ ಹಂತ ನೋಡಲೆಂದು ಎರಡೂ ಗುಂಪಿನಿಂದ ಮೂರು ಮೂರು ಇಲಿಗಳನ್ನು ಹೆಚ್ಚಿನ ಅರಿವಳಿಕೆ ಕೊಟ್ಟು ಕೊನೆಗಾಣಿಸಿದೆವು. ಕೆನ್ನೆಯ ತುಂಡನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ನಾರು ಮಾತ್ರ ನೀಲಿಯಾಗಿ ಕಾಣುವ ಬಣ್ಣ ಹಾಕಿದೆ. ನೀಲಿ ಪಟ್ಟಿ ದಪ್ಪಗಿರುತ್ತದೆಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳಿಗೆ ಕಂಡದ್ದು ಎರಡು ಗುಂಪಿನಲ್ಲೂ ಒಂದೇ ಥರದ ಕೆನ್ನೆ. ಸ್ಲೈಡಿನ ಚೀಟಿ ತೆಗೆದುಬಿಟ್ಟರೆ ಯಾವುದು ಅಡಿಕೆಯದು, ಯಾವುದು ನೀರಿನದು ಎಂದು ನಾನೇ ಹೇಳಲಾರೆ. ಕ್ಯಾಲಿಪರ್ ಅಳತೆಯಲ್ಲೂ ವ್ಯತ್ಯಾಸವಿರಲಿಲ್ಲ.

ಮರುದಿನ ತಿಂಡಿಯ ಹೊತ್ತಿಗೆ ಅಪ್ಪಾಜಿ ಕೇಳಿದರು, ನಾನು ಸಿಟ್ಟಿನಲ್ಲೇ ಹೇಳಿದೆ. "ಏನೂ ಆಗಿಲ್ಲ. ನಿಮ್ಮ ಅಡಿಕೆ ತಿಂದು ಇಲಿಗಳು ಆರಾಮಾಗಿವೆ."

ಅದನ್ನು ಹೇಳಬಾರದಿತ್ತು. ಎರಡೇ ದಿನದಲ್ಲಿ ಮಂಡಿಯಲ್ಲೆಲ್ಲ ಸುದ್ದಿಯಾಯಿತು. ಡಾಕ್ಟರ್ ಮಗಳೇ ಪ್ರಯೋಗ ಮಾಡಿ ನೋಡಿದ್ದಾಳಂತೆ, ಅಡಿಕೆಯಿಂದ ಏನೂ ಆಗಲ್ಲವಂತೆ. ವ್ಯಾಪಾರಿಗಳಲ್ಲಿ ಹಿರಿಯರೊಬ್ಬರು ಮನೆಗೇ ಫೋನ್ ಮಾಡಿ, ವರದಿ ಬಂದ ಕೂಡಲೇ ಒಂದು ಜೆರಾಕ್ಸ್ ಕೊಡಮ್ಮ, ಸಭೆಯಲ್ಲಿ ಓದಿ ಹೇಳ್ತೀವಿ ಅಂದರು. ಅಪ್ಪಾಜಿಯ ಮುಖದಲ್ಲಿದ್ದ ಸಂತೋಷ ನೋಡಿ ತಿದ್ದಲು ಮನಸ್ಸು ಬರಲಿಲ್ಲ. ಮಗಳು ಓದಿದ್ದರಿಂದ ಮಂಡಿಗೆ ಒಳ್ಳೆಯದಾಯಿತು ಎಂಬ ಸಂತೋಷ ಅದು, ಮೋಸ ಇರಲಿಲ್ಲ. ಅದಕ್ಕೇ ಹೆಚ್ಚು ಸಂಕಟವಾಯಿತು. ಆ ಮಾತನ್ನು ನಂಬಿ ಇನ್ನೊಂದು ಚೂರು ಬಾಯಿಗೆ ಹಾಕಿಕೊಳ್ಳುವ ಮನುಷ್ಯ ಎಲ್ಲಿ ಯಾವ ಲಾರಿಯಲ್ಲಿ ಕೂತಿರುತ್ತಾನೋ.

ನನ್ನ ಮಾರ್ಗದರ್ಶಕರು ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. "ಪದ್ಧತಿ ಸರಿಯಾಗಿ ನಡೆದಿದ್ರೆ ಇದೂ ಒಂದು ಫಲಿತಾಂಶವೇ. ನಡೆದಿದೆಯಾ ನೋಡಿ," ಎಂದರು. ಆ ಒಂದು ಮಾತು ಸಾಕಾಯಿತು, ನನ್ನ ಅನುಮಾನ ನೇರವಾಗಿ ಅಕ್ಕನ ಮೇಲೆ ಹೋಯಿತು. ನಾನಿಲ್ಲದ ದಿನ ಅವರು ಹಚ್ಚಿಯೇ ಇಲ್ಲ, ಅಥವಾ ಹಚ್ಚಿದ ಕೂಡಲೇ ನೀರು ಕೊಟ್ಟಿದ್ದಾರೆ. ಮಗಳ ಬಾಣಂತನಕ್ಕೆಂದು ಅವರು ಆ ವಾರ ರಜೆಯಲ್ಲಿದ್ದರು. ಬರುವವರೆಗೆ ಕಾಯಬಹುದಿತ್ತು. ನಾನು ಕಾಯುವ ಪೈಕಿ ಅಲ್ಲ. ಶನಿವಾರ ಮಧ್ಯಾಹ್ನ ಭದ್ರಾವತಿ ಬಸ್ಸು ಹತ್ತಿ, ಜನ್ನಾಪುರದಲ್ಲಿಳಿದು, ಅಂಗಡಿಯವರನ್ನು ಕೇಳುತ್ತ ಅವರ ಮನೆ ಹುಡುಕಿದೆ.

ಮನೆಯೊಳಗೆಲ್ಲ ಸಾಂಬ್ರಾಣಿ ಹೊಗೆ. ಅಕ್ಕ ಆಗಷ್ಟೇ ಮಗುವಿಗೆ ನೀರು ಹಾಕಿ ಮಲಗಿಸಿದ್ದರು. ನನ್ನನ್ನು ನೋಡಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಮಗಳನ್ನು ಕರೆದು "ನಮ್ ಡಾಕ್ಟ್ರು ನೋಡೇ, ಮಗು ನೋಡೋಕೆ ಬಂದಿದಾರೆ," ಎಂದರು. ಕಾಫಿ ಬಂತು. ನಾನು ಕಾಫಿಯನ್ನು ಪಕ್ಕಕ್ಕಿಟ್ಟು ಕೇಳಿದೆ.

"ಅಕ್ಕ, ನಿಜ ಹೇಳಿ. ದಿನಾ ಎರಡು ಹೊತ್ತೂ ಹಚ್ಚಿದ್ರಾ?"

ಅವರು ಮಗುವಿನ ಒಣಗಿದ ಬಟ್ಟೆಗಳನ್ನು ಮಡಚಲು ಎತ್ತಿಕೊಂಡರು. ಆಮೇಲೆ, "ನೀವು ಬಸ್ ಹತ್ತಿ ಬಂದಿದ್ದು ಇದನ್ನ ಕೇಳೋಕಾ ಮೇಡಂ?" ಎಂದರು.

ನಾನು ತಲೆ ತಗ್ಗಿಸಿದೆ. ಇಂದಿಗೂ ಆ ಮಧ್ಯಾಹ್ನ ನೆನಪಾದರೆ ನಾಚಿಕೆಯಾಗುತ್ತದೆ. ಅವರು ಎದ್ದು ಒಳಗೆ ಹೋಗಲಿಲ್ಲ, ದನಿ ಎತ್ತಲಿಲ್ಲ. "ಹಚ್ಚಿದೀನಿ. ಗಡಿಯಾರ ನೋಡ್ಕೊಂಡು ಬಾಟ್ಲಿ ತೆಗ್ದಿದೀನಿ. ಬೇಕಾದ್ರೆ ನಮ್ಮನೆ ದೇವ್ರ ಮುಂದೆ ಹೇಳ್ತೀನಿ. ನಾನು ಹಚ್ಚಿದ್ದಕ್ಕೇನೂ ಕಡಿಮೆ ಇಲ್ಲ. ಆ ಅಡಿಕೇಲೇ ಸೊಕ್ಕಿಲ್ಲ. ನಾನು ಅವತ್ತೇ ಹೇಳಿದ್ನಲ್ಲ. ನೀವು ನಕ್ಕುಬಿಟ್ರಿ. ಓದಿದೋರು ನಗ್ತಿದಾರೆ ಅಂದ್ರೆ ಏನೋ ಇರ್ಬೇಕು ಅಂತ ನಾನೂ ನಕ್ಕು ಸುಮ್ಮನಾದೆ."

"ಸೊಕ್ಕು ಅಂದ್ರೆ?" ಎಂದು ಕೇಳಿದೆ. ಅಡಿಕೆ ಮಂಡಿಯವರ ಮಗಳು ಈ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ಆಶ್ಚರ್ಯವಾಯಿತು. ನಾನು ಅಡಿಕೆಯನ್ನು ಕಂಡದ್ದೆಲ್ಲ ಚೀಲದಲ್ಲಿ. ಅವರು ಮದುವೆಗೆ ಮುಂಚೆ ತಾಯಿಯ ಜೊತೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದವರು.

"ಸುಲಿಯೋವಾಗ ಬೇಜಾರಿಗೆ ಒಂದು ಹಸಿ ಹೋಳು ಬಾಯಿಗೆ ಹಾಕ್ಕೊತಿದ್ವಿ. ಕೆಲವು ಸೊಕ್ಕೋದು. ಮೈಯೆಲ್ಲ ಬೆವರು, ಬಾಯಿ ತುಂಬ ನೀರು, ಎದೆ ಹಿಡ್ದಂಗೆ, ತಲೆ ಗಿರ್ರನೆ. ಒಂದು ಲೋಟ ನೀರು ಕುಡಿದು ಕೂತ್ಕೊಂಡ್ರೆ ಇಳಿಯೋದು. ಅದೇ ಅಡಿಕೆ ಬೇಯಿಸಿ ಒಣಗಿಸಿದ್ಮೇಲೆ ಎಷ್ಟು ಅಗಿದ್ರೂ ಅಷ್ಟು ಸೊಕ್ಕಲ್ಲ. ಅದರದ್ದು ಏನಿದ್ರೂ ಹಂಡೆ ನೀರಿಗೆ ಇಳಿದಿರುತ್ತೆ. ನೀವು ಮಾಡಿದ್ದು ಬೇಯಿಸಿದ ಅಡಿಕೇದು, ಬಣ್ಣ ನೋಡಿದ್ರೇ ಗೊತ್ತಾಗುತ್ತೆ. ಇಲಿಗೆ ಹಚ್ಚಿದ್ರೆ ಒಂದಾದ್ರೂ ಜೊಲ್ಲು ಸುರಿಸ್ಬೇಕಿತ್ತು, ಮಂಕಾಗ್ಬೇಕಿತ್ತು. ಒಂದಕ್ಕೂ ಏನೂ ಆಗ್ಲಿಲ್ಲ."

ಬೆವರು, ಜೊಲ್ಲು, ತಲೆ ತಿರುಗುವುದು. ಅಡಿಕೆಯಲ್ಲಿರುವ ಮುಖ್ಯ ಸಸ್ಯಕ್ಷಾರ, ಅಂದರೆ ಆಲ್ಕಲಾಯ್ಡ್, ಮೈಗೆ ಸೇರಿದಾಗ ಏನೇನಾಗುತ್ತದೆಂದು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಪಟ್ಟಿಯನ್ನು ಅವರು ಮಗುವಿನ ಬಟ್ಟೆ ಮಡಚುತ್ತ ಹೇಳಿ ಮುಗಿಸಿದ್ದರು. ನಮ್ಮ ಕಡೆ ಎಳೆಗಾಯಿ ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಆ ಕ್ಷಾರದ ದೊಡ್ಡ ಪಾಲು ಬೇಯುವಾಗಲೇ ನೀರಿಗೆ ಹೋಗಿರುತ್ತದೆ. ನಾನು ಓದಿದ್ದ ಬರಹಗಳ ಅಡಿಕೆ ಬೇಯಿಸದೆ ಒಣಗಿಸಿದ್ದು, ಅಂದರೆ ನಾವು ಚಾಲಿ ಎನ್ನುವಂಥದ್ದು. ಬೇರೆ ಯಾವ ಊರಿನ ವಿದ್ಯಾರ್ಥಿಯೂ ಈ ತಪ್ಪು ಮಾಡುತ್ತಿರಲಿಲ್ಲವೇನೋ. ಅವನು ಅಂಗಡಿಗೆ ಹೋಗಿ ಯಾವ ಅಡಿಕೆ ಎಂದು ಕೇಳುತ್ತಿದ್ದ. ನನಗೆ ಕೇಳಬೇಕೆಂದೇ ಅನ್ನಿಸಲಿಲ್ಲ.

"ಅಕ್ಕ, ತಪ್ಪಾಯ್ತು," ಅಂದೆ.

"ಕಾಫಿ ಆರೋಯ್ತು, ಬಿಸಿ ಮಾಡಿ ತರ್ತೀನಿ. ಮಗು ಮುಖ ನೋಡ್ಕೊಂಡು ಹೋಗಿ," ಎಂದರು. ಅಷ್ಟೇ. ಆ ಮಾತನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ.

ಸೋಮವಾರ ನಮ್ಮೂರಿನ ಒಂದು ಫಾರ್ಮಸಿ ಕಾಲೇಜಿಗೆ ಹೋಗಿ, ನನ್ನ ಕಂದು ಪುಡಿಯನ್ನೂ, ಅಂಗಡಿಯಲ್ಲಿ ಸಿಕ್ಕ ಸ್ವಲ್ಪ ಚಾಲಿಯಿಂದ ಮಾಡಿದ ಪುಡಿಯನ್ನೂ ಪರೀಕ್ಷೆಗೆ ಕೊಟ್ಟೆ. ಇದನ್ನು ಶುರುವಿಗೇ ಮಾಡಿಸಬೇಕಿತ್ತು. ವಾರದ ಮೇಲೆ ಫಲಿತಾಂಶ ಬಂತು. ನನ್ನದರಲ್ಲಿ ಆ ಕ್ಷಾರ ಇತ್ತು, ಆದರೆ ಚಾಲಿಗೆ ಹೋಲಿಸಿದರೆ ತೀರ ಕಡಿಮೆ. ಕಾಗದ ಹಿಡಿದುಕೊಂಡು ಮಾರ್ಗದರ್ಶಕರ ಕೋಣೆಗೆ ಹೋದೆ.

ಅವರು ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಅವರು ಕುರ್ಚಿ ತೋರಿಸಿದರು. "ನಾನೂ ಈ ಊರಲ್ಲೇ ಇಪ್ಪತ್ತು ವರ್ಷದಿಂದ ಇದೀನಿ. ನನಗೂ ಹೊಳೀಲಿಲ್ಲ. ಈಗ ಎರಡು ದಾರಿ. ಶೀರ್ಷಿಕೆಗೆ 'ಬೇಯಿಸಿದ' ಅಂತ ಒಂದು ಪದ ಸೇರಿಸಿ. ಎಂಟು ವಾರದಲ್ಲಿ ಬದಲಾವಣೆ ಕಾಣಲಿಲ್ಲ ಅಂತ ಬರೆದು ಮುಗಿಸಿ. ಸುಳ್ಳೇನಲ್ಲ, ಪರೀಕ್ಷೆಗೂ ಕೂರ್ತೀರಿ. ಇಲ್ಲಾಂದ್ರೆ ಸಮಿತಿಗೆ ಮತ್ತೆ ಹೋಗಿ, ತಪ್ಪು ಒಪ್ಕೊಂಡು, ಚಾಲಿಯಿಂದ ಮತ್ತೆ ಮಾಡಿ. ಆಗ ಪರೀಕ್ಷೆ ಆರು ತಿಂಗಳು ಮುಂದೆ ಹೋಗುತ್ತೆ. ನಿಮ್ಮ ಜೊತೆಯವರೆಲ್ಲ ಮುಗಿಸಿ ಹೋಗಿರ್ತಾರೆ."

ಮೊದಲ ದಾರಿ ನನಗೆ ಇಷ್ಟವಾಗಲಿಲ್ಲ ಎಂದರೆ ಅದು ಸುಳ್ಳಾದೀತು. ಎರಡು ದಿನ ಅದನ್ನೇ ಮನಸ್ಸಿನಲ್ಲಿ ಬರೆದೆ. ಆದರೆ ಬರೆಯುವಾಗಲೆಲ್ಲ ಆ ಹಿರಿಯರು ಜೆರಾಕ್ಸ್ ಹಿಡಿದು ಸಭೆಯಲ್ಲಿ ನಿಂತಂತೆ ಕಾಣುತ್ತಿತ್ತು. ಎಂಟು ವಾರವೆಂದು ನಾನು ಬರೆದದ್ದನ್ನು ಅವರು ಓದುವುದಿಲ್ಲ, ಬದಲಾವಣೆ ಇಲ್ಲ ಎಂಬುದನ್ನು ಮಾತ್ರ ಓದುತ್ತಾರೆ. ಅದರ ಕೆಳಗೆ ನನ್ನ ಹೆಸರು ಇರುತ್ತದೆ. ಮೂರನೆಯ ದಿನ ಹೋಗಿ, ಮತ್ತೆ ಮಾಡ್ತೀನಿ ಸರ್, ಅಂದೆ. ಅವರು ಅರ್ಜಿಗೆ ಸಹಿ ಹಾಕಿದರು. ವಿದ್ಯಾರ್ಥಿ ತಡಮಾಡಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರೇ. ಆ ಭಾರವನ್ನು ನನಗೆ ಒಮ್ಮೆಯೂ ಕಾಣಿಸಲಿಲ್ಲ. ಇದಕ್ಕಾಗಿ ಅವರಿಗೆ ಎಷ್ಟು ಋಣಿಯಾಗಿದ್ದರೂ ಸಾಲದು.

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಭಾನುವಾರ ಊಟವಾದ ಮೇಲೆ ಅಪ್ಪಾಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಎಲ್ಲ ಹೇಳಿದೆ.

"ಅಂದ್ರೆ ನಾನು ಕೊಟ್ಟ ಅಡಿಕೆ ಸರಿ ಇಲ್ಲ ಅಂತೀಯ?"

"ಅಡಿಕೆ ಸರಿ ಇದೆ ಅಪ್ಪಾಜಿ. ನಾನು ಕೇಳಿದ್ದು ಸರಿ ಇಲ್ಲ."

"ಮಂಡೀಲಿ ಎಲ್ರಿಗೂ ಹೇಳಿದೀನಲ್ಲ."

"ನಾನು ಹೇಳಿದ್ದನ್ನೇ ನೀವು ಹೇಳಿದ್ರಿ. ಅದೇ ತಪ್ಪು."

"ಪರೀಕ್ಷೆ ಆರು ತಿಂಗಳು ಹೋಗುತ್ತಾ?"

"ಹೋಗುತ್ತೆ."

ಅವರು ಎಲೆ ಮಡಚಿ ಬಾಯಿಗಿಡದೆ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಅಮ್ಮ ನಡುವೆ ನಿಂತು, ನೀರು ಕಾದಿದೆಯಂತೆ, ಊಟಕ್ಕೆ ಬರಬೇಕಂತೆ ಎಂದು ಇಬ್ಬರಿಗೂ ಸುದ್ದಿ ಮುಟ್ಟಿಸುತ್ತಿದ್ದಳು. ಮೂರನೆಯ ದಿನ ಸಂಜೆ ಅಪ್ಪಾಜಿ ಒಂದು ಚೀಲ ತಂದು ನನ್ನ ಮೇಜಿನ ಪಕ್ಕ ಇಟ್ಟರು. ಒಳಗೆ ಬಿಳಿ ಅಡಿಕೆ.

"ಚಾಲಿ. ಸಾಗರದ ಕಡೆಯಿಂದ ತರಿಸ್ದೆ. ಒಂದೇ ತೋಟದ್ದು, ಬೆರಕೆ ಇಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಎಷ್ಟು ಸಲ ಹೊಡೆದಿದಾರೆ ಅಂತ ತೋಟದೋರ ಹತ್ರ ಕೇಳಿ ಬರೆಸ್ಕೊಂಡಿದೀನಿ. ನಿಂಗೆ ಬೇಕಾಗಬಹುದು."

ಚೀಲದ ಬಾಯಿಗೆ ಕಟ್ಟಿದ್ದ ಚೀಟಿಯಲ್ಲಿ ಎಲ್ಲವೂ ಇತ್ತು. ಆ ಸಿಂಪಡಣೆಯಲ್ಲಿ ತಾಮ್ರವಿರುತ್ತದೆ. ನಾರು ಗಟ್ಟಿಯಾಗುವುದಕ್ಕೂ ತಾಮ್ರಕ್ಕೂ ಸಂಬಂಧವಿದೆ ಎಂದು ಈ ವಿಷಯ ಓದಿದವರೆಲ್ಲ ಹೇಳುತ್ತಾರೆ. ಆದರೆ ತೋಟದ ಸಿಂಪಡಣೆಯನ್ನು ಬರೆದಿಡಬೇಕೆಂದು ನನಗೆ ಹೊಳೆದಿರಲಿಲ್ಲ. "ಕೆಟ್ಟದ್ದು ಅಂತ ತೋರಿಸೋದೇ ಆದ್ರೆ ಸರಿಯಾದ ಮಾಲಲ್ಲಿ ತೋರಿಸು," ಎಂದು ಹೇಳಿ ಹೋದರು. ನಾನು ಆ ಚೀಟಿಯನ್ನು ಹಿಡಿದುಕೊಂಡು ಅತ್ತೆ. ಬದುಕು ಕೊಟ್ಟ ಅಡಿಕೆಯ ಮೇಲೆ ದೂರು ಹೊರಿಸಲು ತಾವೇ ಸಾಕ್ಷಿ ಹುಡುಕಿ ತಂದಿದ್ದರು.

ಸಮಿತಿಯ ಸಭೆಯಲ್ಲಿ ಪಶುವೈದ್ಯರು ನನ್ನ ಪತ್ರವನ್ನು ಎರಡು ಸಲ ಓದಿದರು. "ಒಪ್ಕೊಂಡಿದೀರಿ, ಒಳ್ಳೇದು. ಆದ್ರೆ ಆರು ಇಲಿ ಆಗಲೇ ಹೋಗಿವೆ."

"ಅವುಗಳ ಸ್ಲೈಡ್ ಎಲ್ಲ ಇಟ್ಟಿದೀನಿ ಸರ್. ಕೆಂಪಡಿಕೆ ಗುಂಪನ್ನ ನಿಲ್ಲಿಸಲ್ಲ, ಕೊನೇವರೆಗೂ ಹಚ್ಚುತ್ತೀನಿ. ಆ ಆರು ಎಂಟನೇ ವಾರದ ಸಾಕ್ಷಿ ಆಗ್ತವೆ."

"ಚಾಲಿಗೆ ಅಂತ ಹೊಸದಾಗಿ ಒಂಬತ್ತು ಕೇಳಿದೀರಿ. ಆರಲ್ಲಿ ಆಗಲ್ವಾ?" ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಬಿಗಿಯಾಗುತ್ತದೆ, ಆದರೆ ಆಗುತ್ತದೆ. ಆರಕ್ಕೆ ಒಪ್ಪಿಗೆ ಸಿಕ್ಕಿತು. ಆ ಮೂರು ಇಲಿಗಳನ್ನು ಉಳಿಸಿದ್ದು ಅವರು.

ಹೊಸ ಸಾರ ಹಚ್ಚಿದ ಮೊದಲ ದಿನ ಅಕ್ಕ ಮತ್ತು ನಾನು ಪಂಜರದ ಮುಂದೆಯೇ ಕೂತೆವು. ಕಾಲು ಗಂಟೆಯೊಳಗೆ ಒಂದು ಇಲಿಯ ಗದ್ದ ಒದ್ದೆಯಾಯಿತು, ಇನ್ನೊಂದು ಮೂಲೆಗೆ ಹೋಗಿ ಮುದುಡಿತು. ಅಕ್ಕ ನನ್ನ ಕಡೆ ನೋಡಿದರು, ನಾನು ದಾಖಲೆ ಪುಸ್ತಕ ತೆರೆದೆ. ಈ ಸಲ ಅವರು ಏನು ಹೇಳಿದರೋ ಅದನ್ನೇ ಬರೆದೆ, ಅರ್ಥವಾಗದ್ದನ್ನು ಕೇಳಿ ಬರೆದೆ. ನಾಲ್ಕನೆಯ ದಿನ ಎರಡು ಇಲಿಗಳು ಆಹಾರ ಬಿಟ್ಟವು. ತೂಕ ಇಳಿಯಿತು. ಪಶುವೈದ್ಯರಿಗೆ ಫೋನ್ ಮಾಡಿದರೆ, ಅವರು ಬಂದು ನೋಡಿ ಸಾರವನ್ನು ತೆಳ್ಳಗೆ ಮಾಡಿಸಿದರು. ಆ ಎರಡೂ ಚೇತರಿಸಿಕೊಳ್ಳಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ಅಕ್ಕ ಇಲಿಯ ಆಹಾರದ ಗಟ್ಟಿ ಉಂಡೆಗಳನ್ನು ನೆನೆಸಿ ಮೆತ್ತಗೆ ಮಾಡಿ ಇಡುತ್ತಿದ್ದರು. ಮನೆಯಲ್ಲಿ ಬಾಣಂತಿ, ಎಳೆಗೂಸು. ಆದರೂ ಒಂದು ದಿನ ತಪ್ಪಿಸಲಿಲ್ಲ.

ನನ್ನ ಜೊತೆಯವರು ಪರೀಕ್ಷೆ ಬರೆದು ಬೀಳ್ಕೊಡುಗೆ ಮುಗಿಸಿ ಹೋದರು. ಅವರ ಫೋಟೋ ತೆಗೆದದ್ದೂ ನಾನೇ. ಬೇಜಾರಾಗಲಿಲ್ಲ ಎನ್ನಲಾರೆ. ಆದರೆ ಸಂಜೆ ನಾಲ್ಕಕ್ಕೆ ಹಚ್ಚುವ ಕೆಲಸವಿರುತ್ತಿತ್ತು, ಹೋಗುತ್ತಿದ್ದೆ.

ಚಾಲಿ ಹಚ್ಚಲು ಶುರುಮಾಡಿದ ಹತ್ತನೇ ವಾರದಲ್ಲಿ ಆ ಗುಂಪಿನ ಕ್ಯಾಲಿಪರ್ ಅಳತೆ ಇಳಿಯತೊಡಗಿತು. ಹದಿನಾರನೇ ವಾರ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಮುಗಿಸಬೇಕಿತ್ತು. ಕೆಂಪಡಿಕೆ ಗುಂಪಿಗೆ ಆ ಹೊತ್ತಿಗೆ ಏಳು ತಿಂಗಳಾಗಿತ್ತು. ಆ ದಿನ ಬೇಕಾದರೆ ರಜೆ ತಗೊಳ್ಳಿ ಎಂದು ಅಕ್ಕನಿಗೆ ಹೇಳಿದ್ದೆ. ಅವರು ಮಾಮೂಲಿಗಿಂತ ಮುಂಚೆಯೇ ಬಂದಿದ್ದರು. "ನಾನೇ ಹಿಡ್ಕೋತೀನಿ. ನನ್ನ ಕೈ ಗೊತ್ತು ಅವಕ್ಕೆ," ಎಂದರು. ಒಂದೊಂದನ್ನೂ ಎತ್ತಿ, ಬೆನ್ನು ಅಂಗೈಗೆ ಒರಗಿಸಿಕೊಂಡು, ಉಸಿರು ಹದಕ್ಕೆ ಬರುವವರೆಗೆ ಕಾದು ನನ್ನ ಕಡೆ ತಿರುಗುತ್ತಿದ್ದರು. ಯಾವ ಇಲಿಯೂ ಒದ್ದಾಡಲಿಲ್ಲ. ಇಪ್ಪತ್ತನಾಲ್ಕೂ ಮುಗಿದ ಮೇಲೆ ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆವು. ಆ ಪ್ರಾಣಿಗಳ ಋಣ ನನ್ನ ಮೇಲಿದೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಸಾಲು ಅವುಗಳಿಗೆ, ಎರಡನೆಯದು ಅಕ್ಕನಿಗೆ ಬರೆದೆ. ಮಾರ್ಗದರ್ಶಕರ ಹೆಸರು ಮೂರನೆಯದು, ಅದನ್ನು ಅವರೇ ಸರಿಯೆಂದರು.

ಚಾಲಿ ಗುಂಪಿನ ಸ್ಲೈಡಿನಲ್ಲಿ ನೀಲಿ ಪಟ್ಟಿ ದಪ್ಪಗಿತ್ತು. ಸ್ನಾಯುವಿನ ಎಳೆಗಳ ನಡುವೆಯೂ ಇಳಿದಿತ್ತು. ಅದನ್ನು ನಾನು ನಿರೀಕ್ಷಿಸಿದ್ದೆ. ಆಮೇಲೆ ಕೆಂಪಡಿಕೆಯ ಸ್ಲೈಡು ಇಟ್ಟೆ. ಎಂಟನೇ ವಾರದಲ್ಲಿ ಏನೂ ಇಲ್ಲದಿದ್ದ ಜಾಗದಲ್ಲಿ ತೆಳ್ಳಗಿನ ನೀಲಿ ಕಟ್ಟಿತ್ತು. ಒಂಬತ್ತರಲ್ಲಿ ಆರು ಇಲಿಗಳಲ್ಲಿ. ನೀರಿನ ಗುಂಪಿನಲ್ಲಿ ಯಾವುದರಲ್ಲೂ ಇಲ್ಲ. ಚಿಕ್ಕ ಪ್ರಯೋಗ, ಇಲಿಯ ಕೆನ್ನೆ ಮನುಷ್ಯನ ಕೆನ್ನೆಯಲ್ಲ, ಇದರಿಂದ ದೊಡ್ಡ ಮಾತು ಆಡುವಂತಿಲ್ಲ. ಅಷ್ಟನ್ನು ಪ್ರಬಂಧದಲ್ಲೂ ಬರೆದಿದ್ದೇನೆ. ಆದರೆ ಮೊದಲ ದಾರಿಯಲ್ಲಿ ಹೋಗಿದ್ದರೆ ಈ ತೆಳ್ಳಗಿನ ಗೆರೆಯನ್ನು ನಾನು ನೋಡುತ್ತಲೇ ಇರಲಿಲ್ಲ.

ಅಪ್ಪಾಜಿಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಜೆರಾಕ್ಸ್ ಕೇಳಿದ್ದ ಹಿರಿಯರಿಗೆ ಕೊಡೋಕೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡು ಅಂದರು. ನಾನು ಯೋಚಿಸಿ, ಯಾರಿಗೂ ನೋವಾಗದ ಹಾಗೆ ಬರೆದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಬೇಯಿಸದ ಅಡಿಕೆಯ ಸಾರದಿಂದ ಕೆನ್ನೆಯೊಳಗೆ ನಾರು ಕಟ್ಟಿದ್ದು ಕಂಡಿದೆ, ಬೇಯಿಸಿದ ಅಡಿಕೆಯಲ್ಲಿ ಇದು ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಕಂಡಿದೆ.

ಅಪ್ಪಾಜಿ ಕನ್ನಡಕ ಹಾಕಿಕೊಂಡು ಓದಿದರು. "ಹಿಂಗೆ ಬರೆದ್ರೆ ಏನಾಗುತ್ತೆ ಗೊತ್ತಾ? ಕೆಟ್ಟದ್ದು ಚಾಲಿ, ನಮ್ಮದು ಬೇಯಿಸಿದ್ದು, ನಮಗೇನೂ ತೊಂದ್ರೆ ಇಲ್ಲ ಅಂತ ಓದ್ಕೊತಾರೆ. ನಾನೂ ಹಂಗೇ ಓದ್ಕೊತಿದ್ದೆ."

ಜೇಬಿನಿಂದ ಪೆನ್ನು ತೆಗೆದು 'ಬೇಯಿಸಿದ ಅಡಿಕೆ' ಎಂಬುದನ್ನು ಹೊಡೆದು ಹಾಕಿದರು. ಅದರ ಮೇಲೆ, ನನ್ನ ಮಂಡಿಯಿಂದ ನಾನೇ ಆರಿಸಿ ಕೊಟ್ಟ ರಾಶಿ ಅಡಿಕೆ, ಎಂದು ಬರೆದರು. 'ನಿಧಾನವಾಗಿ' ಎಂಬುದನ್ನು ಉಳಿಸಿಕೊಂಡರು. 'ಕಂಡಿದೆ' ಎಂಬುದರ ಕೆಳಗೆ ಗೆರೆ ಎಳೆದರು. ಕೊನೆಗೆ ನನ್ನ ಹೆಸರಿದ್ದ ಜಾಗದ ಪಕ್ಕ ತಮ್ಮ ಸಹಿ ಹಾಕಿದರು.

"ನೀವ್ಯಾಕೆ ಸಹಿ ಹಾಕ್ತೀರಿ ಅಪ್ಪಾಜಿ? ಪ್ರಯೋಗ ನಂದು."

"ಏನೂ ಆಗಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದು ನಾನು," ಅಂದರು. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಮಂಡಿಗೆ ಹೊರಟರು.